ಮೂರು ನೂಲು

ಕ್ಯಾಲೆಂಡರಿನಿಂದ ಹರಿದ ಹಾಳೆ ಹಿಡಿದು ಹೋಗಿದ್ದೆ
ಬಂಬೂ ಬಜಾರಿನ ಹಿಂದಿನ ಸಂದಿಗೆ.
ಹಿಮದ ದೇಶದ ಯಾವನೋ ಒಬ್ಬ,
ಚೂಪು ಮೂತಿಯ ದೋಣಿ, ಎರಡು ತುದಿಗೂ ಎಲೆಯಿದ್ದ ಹುಟ್ಟು.
ಮೌನಪ್ಪಾಚಾರ್ರು ಕನ್ನಡಕ ಹಣೆಗೇರಿಸಿ ನೋಡಿದರು:
‘ಇದು ಲಾಳಿ ಅಲ್ಲೇನವ್ವಾ?
ಅದರಾಗೆ ನೂಲು ತುಂಬ್ತಾರೆ,
ಇದರಾಗೆ ಆಳು ತುಂಬ್ಯಾರೆ, ಅಷ್ಟೇ.’

ಮಿಲ್ಲು ಮುಚ್ಚಿ ಎರಡು ವರ್ಷವಾಗಿತ್ತು.
ಇಪ್ಪತ್ತಾರು ವರ್ಷ ಲಾಳಿಗಳ ಮೂತಿ ಸವರಿದ ಕೈ
ಆಗ ಲಟ್ಟಣಿಗೆ ಕಡೆಯುತ್ತಿತ್ತು, ಕುರ್ಚಿಗೆ ಕಾಲು ಹಚ್ಚುತ್ತಿತ್ತು.
ಈಜು ಬಾರದು. ಕೆರೆ ಕಡೆ ಸುಳಿದವರಲ್ಲ.
‘ನನಗೆ ನೀರು ಅಂದ್ರೆ ಕೊಡಪಾನದಾಗಿದ್ದಷ್ಟು.’

ನನ್ನ ಅಳತೆ ತೆಗೆದವರು ಅವರ ಹೆಂಡತಿ.
ಸೊಂಟಕ್ಕೊಂದು ಗಂಟು, ಮೊಣಕಾಲಿಗೊಂದು,
ಚಾಚಿದ ಪಾದಕ್ಕೊಂದು, ಒಂದೇ ದಾರದಲ್ಲಿ.
ಇವರು ಬಾಗಿಲ ಕಡೆ ಮುಖ ಮಾಡಿ
ಎಲ್ಲಿ ಬಿಗಿಯಬೇಕೆಂದು ಕೂಗುತ್ತಿದ್ದರು.
ಆಮೇಲೆ ಒಂದು ಬಿದಿರಗಳು ಕೊಟ್ಟು, ಹಲಗೆ ಮೇಲೆ ಕೂರಿಸಿ,
‘ಗಾಳಿಯಾಗೆ ಹುಟ್ಟು ಹಾಕು ನೋಡಾಣ’ ಅಂದರು.
ಹಾಕಿದೆ. ಬೀಡಿ ಆರುವವರೆಗೂ ನೋಡಿದರು.
ಇನ್ನೂ ಹಾಕು ಅಂದರು.

ಬಿದಿರಿನ ಪಕ್ಕೆಲುಬು, ಹಲಸಿನ ಬೆನ್ನು,
ಮಿಲ್ಲಿನ ಕಟ್ಟಕಡೆಯ ಥಾನಿನ ಕ್ಯಾನ್ವಾಸು ಹೊದಿಕೆ.
ಒಂದು ಮೊಳೆಯಿಲ್ಲ, ಎಲ್ಲ ಹುರಿಯ ಕಟ್ಟು.
ಎಂಟುನೂರೈವತ್ತು ರೂಪಾಯಿ, ಬಣ್ಣ ಸೇರಿ.

ಮೂವತ್ತನಾಲ್ಕು ವರ್ಷ.
ಹೊದಿಕೆ ನಾಲ್ಕು ಸಲ ಬದಲಾಯಿತು,
ಒಳಗಿನದು ಅಲ್ಲಾಡಲಿಲ್ಲ.
ಭಾನುವಾರ ಬೆಳಗ್ಗೆ ಕೊಂಡಜ್ಜಿ ಕೆರೆಗಿಳಿದರೆ
ನೀರಿಗೆ ಗೊತ್ತಾಗುವ ಮೊದಲೇ ದಾಟಿರುತ್ತದೆ;
ಹಿಂದೆ ಸೀರೆಯ ನಿರಿಗೆಯಷ್ಟು ತೆರೆ.
ಕೊಕ್ಕರೆ ಕೂಡ ಕಾಲು ಬದಲಿಸುವುದಿಲ್ಲ.

ಈ ಬೇಸಿಗೆ ಬಕ್ಕೇಶ ಹಳದಿ ಪ್ಲಾಸ್ಟಿಕ್ಕಿನದು ತಂದ,
ಬಾಟಲಿಗೊಂದು ತೂತು, ಫೋನಿಗೊಂದು ಗೂಡು.
ಒಳ್ಳೆಯದೇ. ಮಂಚದಂತೆ ಗಟ್ಟಿ, ಮಂಚದಷ್ಟೇ ಓಡುತ್ತದೆ.
ನನ್ನದನ್ನು ಕೇಳಿ ಕೂತ.
‘ಅಲುಗ್ತತಿ ಮೇಡಂ!’
ಅಲುಗಲಿ ಬಿಡು, ಮೈಯೊಡ್ಡಿ ಒರಗು ಅಂದೆ.
ಒರಗಿದ. ಒಂದು ಹಂತಕ್ಕೆ ಅದು
ಹೆಗಲು ಕೊಟ್ಟ ಎತ್ತಿನಂತೆ ನಿಂತಿತು.
ಅವನು ನಗುವುದು ದಡಕ್ಕೆ ಕೇಳಿಸಿತು.

ಹೊರಟವನು ಬಲಕ್ಕೆ ಬಾಗುತ್ತ ಬಾಗುತ್ತ
ಆಪಿನೊಳಗೆ ಹೊಕ್ಕ.
‘ಬಲಕ್ಕೆ ಎಳೀತತಿ. ಏನೋ ಫಾಲ್ಟ್ ಐತಿ.’
ಇಷ್ಟು ವರ್ಷಕ್ಕೆ ಒಂದು ದಿನವೂ ಇಲ್ಲ ಎಂದು ಜಗಳಕ್ಕೇ ನಿಂತೆ.

ಬೋರಲು ಹಾಕಿ, ಮೂತಿಯಿಂದ ಬಾಲಕ್ಕೆ
ದಾರ ಎಳೆದು ಹಿಡಿದೆವು.
ಹಲಸಿನ ಬೆನ್ನು ಅರ್ಧದವರೆಗೆ ದಾರದ ಕೆಳಗೇ ಬಂದು
ಅಲ್ಲಿಂದ ಸದ್ದಿಲ್ಲದೆ ಸರಿದಿತ್ತು.
ಬಾಲದ ಹತ್ತಿರ ಮೂರು ನೂಲು.
ಕೈ ತಪ್ಪಿದ್ದಲ್ಲ. ತಪ್ಪು ಇಷ್ಟು ನುಣ್ಣಗಿರುವುದಿಲ್ಲ.

ದಡದ ಕಲ್ಲಿನ ಮೇಲೆ ಕೂತುಬಿಟ್ಟೆ.
ಏಳನೇ ಕ್ಲಾಸಿನಲ್ಲಿ ಪೇರಲ ಮರದಿಂದ ಬಿದ್ದು
ಸರಿಯಾಗಿ ಕೂಡದೇ ಹೋದ ಎಡ ಮೊಣಕೈ.
ಆಚಾರ್ರಿಗೆ ನಾನದನ್ನು ಹೇಳಿರಲಿಲ್ಲ.
ಅವರೂ ನನಗೇನೂ ಹೇಳಲಿಲ್ಲ.
ಚೀಟಿಯಲ್ಲಿ ಬರೆದದ್ದು ಇಷ್ಟೇ: ದೋಣಿ, ಒಂದು.
ಬಲಗೈ ಎಡಕ್ಕೆ ತಳ್ಳಿದ್ದನ್ನೆಲ್ಲ
ಅಡಿಯಲ್ಲಿ ಆ ಸೊಟ್ಟ ಬಲಕ್ಕೆ ತರುತ್ತಿತ್ತು,
ಕೆರೆ ನನ್ನ ಕೈ ವಾಸಿ ಮಾಡಿತೆಂದು
ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಬಕ್ಕೇಶ ಅಳತೆ ಬರೆದುಕೊಂಡ, ಫೈಬರಿನಲ್ಲಿ ಇಂಥದೇ ಒಂದು ಎರಕ ಹೊಯ್ಯಿಸಲು.
ಬೆನ್ನು ನೇರ ಮಾಡಿಸ್ಕೊ ಅಂದೆ,
ನಿನ್ನ ಕೈ ಎರಡೂ ಚೆನ್ನಾಗಿವೆ.
ಅವನು ಮೂರು ನೂಲನ್ನು ಗೀಟು ಹಾಕಿ ಹೊಡೆದ.

ಬಿಸಿಲೇರುವ ಮೊದಲು ಇನ್ನೊಂದು ಸುತ್ತು ಹೊರಟೆ.
ಜೀವನದಲ್ಲಿ ಮೊದಲ ಸಲ ಎಡಗೈಯನ್ನೇ ನೋಡುತ್ತ,
ಅದಕ್ಕೆ ಜೋರು ತುಂಬುತ್ತ ಹುಟ್ಟು ಹಾಕಿದೆ.
ಹತ್ತು ಮಾರು ಡೊಂಕು ಡೊಂಕಾಗಿ ಹೋದೆ.
ಅಷ್ಟರಲ್ಲಿ ಆಚೆ ದಡದಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು,
ನೋಡುತ್ತ ಮರೆತೆ.
ನೇರವಾಯಿತು.